ಬುಧವಾರಕ್ಕೆ ಹಾರಿದ ಕಂಪ್ಯೂಟರ್

ಈಗ ಹೇಳುವುದರಲ್ಲಿ ಒಂದು ಎಳೆಯಷ್ಟು ಸುಳ್ಳಿದ್ದರೂ ನನ್ನ ದಬ್ಬಣವನ್ನು ತೆಗೆದುಕೊಂಡು ನನ್ನ ನಾಲಿಗೆಗೇ ಚುಚ್ಚಿ, ಗಂಟು ಹಾಕಿ, ದಾರ ಕತ್ತರಿಸಿಬಿಡಿ. ಇವನು ಇಲಿ ಹೋದರೆ ಹುಲಿ ಹೋಯಿತು ಎನ್ನುವವನು ಎಂದು ಬೀದಿಯಲ್ಲಿ ನನ್ನನ್ನು ಆಡಿಕೊಳ್ಳುವವರಿದ್ದಾರೆ. ಆಡಿಕೊಳ್ಳಲಿ. ಅವರಲ್ಲಿ ಒಬ್ಬರೂ ಆ ದಿನ ಅಲ್ಲಿರಲಿಲ್ಲ. ನಾನಿದ್ದೆ. ಕಣ್ಣಾರೆ ಕಂಡಿದ್ದೇನೆ, ಕಿವಿಯಾರೆ ಕೇಳಿದ್ದೇನೆ, ಮೊಣಕಾಲಿಗೆ ಪೆಟ್ಟೂ ತಿಂದಿದ್ದೇನೆ. ಬೇಕಾದರೆ ಗಾಯ ತೋರಿಸುತ್ತೇನೆ. ಬೇಡವಾ? ಸರಿ, ಹಾಗಾದರೆ ನಂಬಿ.

ನಮ್ಮದು ಹಾಸಿಗೆ ಅಂಗಡಿ. ಅಪ್ಪ ಯಜಮಾನರು, ನಾನು ಅಂಚು ಹೊಲಿಯುವವನು. ಅಂಗಡಿಯ ಹಿಂದೆ ಉದ್ದದ ಒಂದು ಕೋಣೆ ಇದೆ. ಮೊದಲು ಅಲ್ಲಿ ಹತ್ತಿ ತುಂಬುತ್ತಿದ್ದೆವು. ಅಕ್ಕನ ಮದುವೆಯಾದ ಮೇಲೆ ಆ ಕೋಣೆಯಲ್ಲಿ ಭಾವ ಬಂದು ಕೂತರು. ಭಾವ ಕಂಪ್ಯೂಟರಿನಲ್ಲಿ ಸಂಗೀತ ಮಾಡುವವರು. ಅವರ ಬೆರಳು ಒಂದು ಗಳಿಗೆ ಸುಮ್ಮನಿರುವುದಿಲ್ಲ. ಮೇಜು ಸಿಕ್ಕರೆ ಮೇಜಿನ ಮೇಲೆ, ಡಬ್ಬಿ ಸಿಕ್ಕರೆ ಡಬ್ಬಿಯ ಮೇಲೆ ತಾಳ ಹಾಕುತ್ತಲೇ ಇರುತ್ತಾರೆ. ಒಂದು ಸಲ ಮೈಮರೆತು ಅಪ್ಪನ ಬೋಳುತಲೆಯ ಮೇಲೂ ಹಾಕಿಬಿಟ್ಟಿದ್ದರು. ಅದರ ನಾದ ತುಂಬ ಚೆನ್ನಾಗಿತ್ತು ಎಂದು ಇವತ್ತಿಗೂ ಹೇಳುತ್ತಾರೆ, ಅಪ್ಪ ಇಲ್ಲದಾಗ.

ಹೊರಗಿನ ಸದ್ದು ಒಳಗೆ ಬರಬಾರದೆಂದು ಆ ಕೋಣೆಯ ನಾಲ್ಕೂ ಗೋಡೆಗಳಿಗೆ ಹಳೆಯ ಹಾಸಿಗೆ ಹೊಡೆದವನು ನಾನೇ. ನನ್ನ ಕೈಕೆಲಸ ಎಷ್ಟು ಬಿಗಿ ಎಂದರೆ, ಒಳಗೆ ಸೀನಿದರೆ ಸೀನಿದವನಿಗೇ ಕೇಳಿಸುತ್ತಿರಲಿಲ್ಲ. "ನಾನು ಈಗ ಸೀನಿದೆನಾ?" ಎಂದು ಪಕ್ಕದವರನ್ನು ಕೇಳಿ ತಿಳಿದುಕೊಳ್ಳಬೇಕಿತ್ತು.

ಭಾವನಿಗೆ ಮೊದಲ ದೊಡ್ಡ ಕೆಲಸ ಕೊಟ್ಟಿದ್ದು ನಮ್ಮ ಊರಿನ ಬಸ್ ಕಂಪನಿ. ಅವರಿಗೆ ಒಂದು ವಿಚಿತ್ರ ತೊಂದರೆ. ಜನ ಬಸ್ಸಿನಲ್ಲಿ ಕೂತ ತಕ್ಷಣ ನಿದ್ದೆ ಹೊಡೆಯುತ್ತಾರೆ, ಇಳಿಯುವ ಜಾಗ ದಾಟಿಹೋಗುತ್ತದೆ, ಆಮೇಲೆ ಡಿಪೋದಲ್ಲಿ ಎದ್ದು ಕೂಗಾಡುತ್ತಾರೆ. ಒಬ್ಬ ಮಹಾರಾಯನಂತೂ ಡಿಪೋದಲ್ಲೇ ಸಂಸಾರ ಹೂಡಿದ್ದ ಎಂದು ಕೇಳಿದ್ದೇನೆ. ಅದಕ್ಕೇ, ಪ್ರತಿ ನಿಲ್ದಾಣ ಬರುವ ಮುಂಚೆ ಬಸ್ಸಿನೊಳಗೆ ಒಂದು ಸಣ್ಣ ರಾಗ, ಅದರ ಹಿಂದೆಯೇ ಹೆಣ್ಣಿನ ದನಿಯಲ್ಲಿ "ನಿಮ್ಮ ನಿಲ್ದಾಣ ಬಂತು, ದಯವಿಟ್ಟು ಏಳಿ" ಎಂಬ ಮಾತು ಬೇಕು ಎಂದರು. ರಾಗ ಭಾವನದು, ದನಿ ಅಕ್ಕನದು. ಒಂದನೇ ತಾರೀಖು, ಬುಧವಾರ, ಸಂಜೆ ಐದರೊಳಗೆ ಕಳಿಸಬೇಕು.

ಆಗ ಅಪ್ಪ ನಡುವೆ ಒಂದು ಗೂಟ ಹೊಡೆದರು.

"ನೋಡಿ ಅಳಿಯಂದಿರೇ, ಐದರೊಳಗೆ ಹೋಯ್ತೋ, ಕೋಣೆ ನಿಮ್ದು. ಹೋಗ್ಲಿಲ್ವೋ, ಆರು ಗಂಟೆಗೆ ಹತ್ತಿ ಲಾರಿ ಬರತ್ತೆ. ಹತ್ತಿ ಒಳಗೆ, ನೀವು ಹೊರಗೆ. ಮಾರನೇ ದಿನದಿಂದ ಅಂಗಡೀಲಿ ಕೂತು ಹತ್ತಿ ಬಿಡಿಸಿ."

ಭಾವನ ಮುಖ ಸುಣ್ಣವಾಯಿತು. ಹತ್ತಿ ಕಂಡರೆ ಅವರಿಗೆ ಸೀನು. ಬರೀ ಕಂಡರೆ ಅಲ್ಲ, ಹತ್ತಿ ಎಂದು ಯಾರಾದರೂ ಬಾಯಲ್ಲಿ ಹೇಳಿದರೂ ಸಾಕು. ಆಗಲೂ ಸೀನಿದರು.

"ಮಾವ, ಅದು ಕಲೆ. ಗಡಿಯಾರ ನೋಡ್ಕೊಂಡು ಬರೋದಲ್ಲ."

"ಹಾಸಿಗೆ ಇದ್ದಷ್ಟು ಕಾಲು ಚಾಚ್ರಿ ಅಂತ ಹಿರಿಯರು ಹೇಳಿದ್ದಾರೆ. ಹಾಸಿಗೆ ನಂದು. ಕಾಲು ಎಷ್ಟು ಚಾಚ್ತೀರೋ ನಿಮ್ಗೆ ಬಿಟ್ಟಿದ್ದು."

ಅಷ್ಟು ಹೇಳಿ ಅಪ್ಪ ಹೊರಟುಹೋದರು. ಅಪ್ಪನ ಮಾತು ನಮ್ಮ ಅಂಗಡಿಯ ಮೂಲೆ ಹೊಲಿಗೆಯಿದ್ದ ಹಾಗೆ, ಬಿಚ್ಚುವುದಿಲ್ಲ.

ಬುಧವಾರ ಬಂತು. ಬೆಳಗ್ಗೆ ಗೋಡೆಯ ಕ್ಯಾಲೆಂಡರಿನಲ್ಲಿ ಮಂಗಳವಾರದ ಹಾಳೆ ಹರಿದಿತ್ತು, ಒಂದನೇ ತಾರೀಖು ನಗುತ್ತಾ ಕೂತಿತ್ತು. ಅಪ್ಪ ಯಾವತ್ತೂ ಇಲ್ಲದ ಅಕ್ಕರೆಯಿಂದ ಬಂದು ಎಲ್ಲರ ಮೊಬೈಲ್ ಕೇಳಿ ತೆಗೆದುಕೊಂಡರು. "ಅದರ ಗುಂಯ್ ಸದ್ದು ಮೈಕಿಗೆ ಬೀಳತ್ತಂತಲ್ಲ, ಇವತ್ತು ಯಾರೂ ಮುಟ್ಟೋದು ಬೇಡ" ಎಂದು ಕಬ್ಬಿಣದ ಬೀರುವಿನಲ್ಲಿ ಹಾಕಿ, ಬೀಗದಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಆಮೇಲೆ ಒಂದು ಕುರ್ಚಿ ತಂದು ಕೋಣೆಯ ಬಾಗಿಲಲ್ಲಿ ಹಾಕಿ, ಪೇಪರನ್ನು ಓದದೆ ಕೆಳಗೆ ಹಾಸಿಕೊಂಡು ಅದರ ಮೇಲೆ ಕೂತರು.

ಭಾವನ ಕಣ್ಣು ತುಂಬಿ ಬಂತು. "ನೋಡ್ದೇನೋ ಭಾವಮೈದ? ಮಾವನಿಗೆ ಕೊನೆಗೂ ಕಲೆ ಅಂದ್ರೆ ಏನು ಅಂತ ಗೊತ್ತಾಯ್ತು."

ರಾಗ ಆಗಲೇ ಮುಗಿದಿತ್ತು. ಅಕ್ಕನ ದನಿ ತುಂಬಿದ್ದೂ ಆಗಿತ್ತು. ಕೊನೆಯದಾಗಿ ಒಂದು ಸಲ ಕೇಳಿ ಕಳಿಸಿಬಿಡುವುದಷ್ಟೇ ಬಾಕಿ. ಭಾವ ಕಂಪ್ಯೂಟರ್ ಹಚ್ಚಿ, ಕೈ ಮುಗಿದು, ಗುಂಡಿ ಒತ್ತಿದರು.

ಬಂದ ಸದ್ದು ಕೇಳಿ ನಾನು ಕಿವಿ ಮುಚ್ಚಿಕೊಂಡೆ. ರಾಗ ತಗಡು ಬಡಿದ ಹಾಗಿತ್ತು. ಅಕ್ಕನ ದನಿಯೋ, ಬಚ್ಚಲು ಮನೆಯಿಂದ ಟವೆಲ್ ಕೊಡಿ ಎಂದು ಕೂಗಿದ ಹಾಗಿತ್ತು.

"ಪ್ಲಗಿನ್!" ಎಂದು ಭಾವ ಕಿರುಚಿದರು. "ಪ್ಲಗಿನ್ ಎಲ್ಲಾ ಹೋದ್ವು!"

ಪ್ಲಗಿನ್ ಎಂದರೆ ಏನು ಎಂದು ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ. ನನಗೂ ಗೊತ್ತಿರಲಿಲ್ಲ, ಭಾವನ ಪಕ್ಕ ಕೂತು ಕೂತು ಗೊತ್ತಾಯಿತು. ಸಂಗೀತ ಮಾಡುವ ಸಾಫ್ಟ್‌ವೇರ್ ಒಂದು ಅಂಗಡಿ ಇದ್ದ ಹಾಗೆ. ಪ್ಲಗಿನ್‌ಗಳು ಅಲ್ಲಿ ದುಡಿಯಲು ಬರುವ ಆಳುಗಳು. ಒಬ್ಬ ದನಿಗೆ ಗವಿಯಲ್ಲಿ ಕೂಗಿದ ಹಾಗೆ ಪ್ರತಿಧ್ವನಿ ಕೊಡುತ್ತಾನೆ. ಅವನಿಗೆ ನಾನು ಗವಿಯಣ್ಣ ಎಂದು ಹೆಸರಿಟ್ಟಿದ್ದೆ. ಇನ್ನೊಬ್ಬ ಜೋರಾದ ಸದ್ದನ್ನು ಒತ್ತಿ, ಸಣ್ಣ ಸದ್ದನ್ನು ಎತ್ತಿ, ಎಲ್ಲವನ್ನೂ ಹದಕ್ಕೆ ತರುತ್ತಾನೆ. ಅವನು ಒತ್ತಣ್ಣ. ಮತ್ತೊಬ್ಬ ಶ್ರುತಿ ತಪ್ಪಿದವರ ಕಿವಿ ಹಿಂಡಿ ದಾರಿಗೆ ತರುತ್ತಾನೆ. ಅವನು ಮೇಷ್ಟ್ರು. ಇವರೆಲ್ಲ ನಿನ್ನೆ ರಾತ್ರಿ ಊಟದ ಹೊತ್ತಿನ ತನಕ ನೆಟ್ಟಗೆ ಕೆಲಸ ಮಾಡಿದ್ದರು. ಇವತ್ತು ತೆರೆಯ ಮೇಲೆ ಅವರ ಹೆಸರುಗಳೆಲ್ಲ ಬೂದಿ ಬಣ್ಣಕ್ಕೆ ತಿರುಗಿ, ಮೇಲೊಂದು ಕೆಂಪು ಗೀಟು ಬಿದ್ದಿತ್ತು. ಎಲ್ಲರೂ ಒಟ್ಟಿಗೆ ಮುಷ್ಕರ.

ಬಾಗಿಲಿನಿಂದ ಅಪ್ಪ ಕತ್ತು ಚಾಚಿದರು. "ಏನಾಯ್ತು?"

"ಪ್ಲಗಿನ್ ನಿಂತುಹೋಗಿದಾವೆ ಮಾವ."

"ಕುಣಿಯೋಕೆ ಬರ್ದವಳು ನೆಲ ಡೊಂಕು ಅಂದ್ಲಂತೆ."

ಬಾಯಲ್ಲಿ ಹಾಗೆ ಹೇಳಿದರೂ ಅಪ್ಪನ ಹಣೆಯಲ್ಲಿ ಬೆವರೊಡೆಯಿತು. ಅಪ್ಪ ಯಾಕೆ ಬೆವರಿದರು ಎಂದು ಆಗ ನನಗೆ ಹೊಳೆಯಲಿಲ್ಲ.

ಭಾವ ರಿಪೇರಿಗೆ ಇಳಿದರು. ಮೊದಲು ಕಂಪ್ಯೂಟರ್ ಆರಿಸಿ ಹಚ್ಚಿದರು. ಏನೂ ಆಗಲಿಲ್ಲ. ಆರಿಸಿ, ಒಂದು ಲೋಟ ನೀರು ಕುಡಿದು, ಆಮೇಲೆ ಹಚ್ಚಿದರು. ಆಗಲೂ ಇಲ್ಲ. ನೀರು ಕಂಪ್ಯೂಟರಿಗೆ ಯಾಕೆ ಎಂದು ಕೇಳಿದೆ. "ಅದಕ್ಕಲ್ಲ ಕಣೋ, ನನಗೆ" ಎಂದರು.

ಆಳುಗಳ ಹಾಜರಿ ಮತ್ತೆ ತೆಗೆದುಕೊಳ್ಳುವ ಒಂದು ಗುಂಡಿ ಇದೆ. ಅದನ್ನು ಒತ್ತಿದರೆ ಸಾಫ್ಟ್‌ವೇರ್ ಮೂಲೆ ಮೂಲೆ ಹುಡುಕಿ ಪ್ಲಗಿನ್‌ಗಳನ್ನು ಕರೆದು ತರುತ್ತದೆ. ಒತ್ತಿದರು. ಹುಡುಕಿತು. ಎಲ್ಲರೂ ಇದ್ದ ಜಾಗದಲ್ಲೇ ಇದ್ದರು, ಹಾಜರಿಯನ್ನೂ ಹೇಳಿದರು. ಆದರೆ ಕೆಲಸಕ್ಕೆ ಮಾತ್ರ ಏಳಲೊಲ್ಲರು.

"ಒಬ್ಬ ಕೆಟ್ಟವನು ಉಳಿದೋರನ್ನೆಲ್ಲ ಕೆಡಿಸಿರ್ತಾನೆ" ಎಂದರು ಭಾವ. ಕಡತದಲ್ಲಿದ್ದ ಪ್ಲಗಿನ್‌ಗಳನ್ನೆಲ್ಲ ಹೊರಗೆ ಹಾಕಿ, ಒಬ್ಬೊಬ್ಬರನ್ನೇ ಒಳಗೆ ಬಿಟ್ಟು ನೋಡಿದರು. ಗವಿಯಣ್ಣ ಬಂದ, ಬೂದಿ. ಒತ್ತಣ್ಣ ಬಂದ, ಬೂದಿ. ಮೇಷ್ಟ್ರು ಬಂದರು, ಅವರೂ ಬೂದಿ. ಕಳ್ಳ ಯಾರೂ ಇಲ್ಲ, ಅಥವಾ ಎಲ್ಲರೂ ಕಳ್ಳರೇ.

ಒಬ್ಬನನ್ನು ಪೂರ್ತಿ ಕಿತ್ತು ಹಾಕಿ ಹೊಸದಾಗಿ ಕೂರಿಸಿದರು. ಹೊಸದಾಗಿ ಬಂದವನು ಹೊಸದಾಗಿ ಬೂದಿಯಾದ.

ಅಷ್ಟರಲ್ಲಿ ಅಪ್ಪನಿಗೆ ತಡೆಯಲಾಗಲಿಲ್ಲ. "ಬಿಸಿಲಿಗೆ ಹಾಕಿ."

"ಏನು?"

"ನಿಮ್ ಕಂಪ್ಯೂಟರ್ನ. ಒಳಗೆ ತೇವ ಹಿಡಿದಿರತ್ತೆ. ಬಿಸಿಲಿಗೆ ಹಾಕಿ, ಕೋಲಲ್ಲಿ ನಾಲ್ಕು ಬಾರಿಸಿ, ಮಗ್ಗುಲು ತಿರುಗಿಸಿ ಇನ್ನಾಲ್ಕು ಬಾರಿಸಿ. ಎಂಥಾ ಹಾಸಿಗೆ ಆದ್ರೂ ಎದ್ದು ನಿಲ್ಲತ್ತೆ."

ನೀವು ನಗುತ್ತೀರಿ. ಆದರೆ ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಭಾವ ಒಂದು ಗಳಿಗೆ ಯೋಚಿಸಿ, ಕೀಬೋರ್ಡನ್ನು ಮಾತ್ರ ಬಿಚ್ಚಿ ನನ್ನ ಕೈಗೆ ಕೊಟ್ಟರು. ನಾನು ತಾರಸಿಗೆ ಹೋಗಿ ಬಿಸಿಲಿಗೆ ಹಿಡಿದು ಒಂದು ಬಾರಿಸಿದೆ. ಅದರಿಂದ ಉದುರಿದ ಬಿಸ್ಕತ್ತಿನ ಪುಡಿ ತಿಂದು ನಾಲ್ಕು ಕಾಗೆಗಳು ಆಚೆ ಹಾರಲಾರದೆ ಸಂಜೆಯ ತನಕ ನಡೆದುಕೊಂಡೇ ಓಡಾಡಿದವು. ಪ್ಲಗಿನ್‌ಗಳಿಗೆ ಮಾತ್ರ ಏನೂ ಆಗಲಿಲ್ಲ.

ಇಳಿದು ಬಂದಾಗ ಭಾವ ನೆಟ್ ತಂತಿ ಸಿಕ್ಕಿಸುತ್ತಿದ್ದರು. ಕೆಲಸದ ಹೊತ್ತಿನಲ್ಲಿ ಅವರು ನೆಟ್ ಕಿತ್ತೇ ಇಡುತ್ತಾರೆ. ಇಲ್ಲದಿದ್ದರೆ ಹೊತ್ತಲ್ಲದ ಹೊತ್ತಲ್ಲಿ ಅಪ್‌ಡೇಟ್ ಬಂದು ಎಲ್ಲ ಅಲ್ಲೋಲ ಕಲ್ಲೋಲವಾಗುತ್ತದೆ.

"ಈಗ ಗೊತ್ತಾಯ್ತು!" ಎಂದರು. "ಇವತ್ತು ಒಂದನೇ ತಾರೀಖಲ್ವಾ? ಈ ಪ್ಲಗಿನ್ಗಳದ್ದು ತಿಂಗಳ ಪಾಸು. ಹಳೇ ಪಾಸು ನಿನ್ನೆಗೆ ಮುಗೀತು. ನೆಟ್ ಕೊಟ್ರೆ ಹೊಸ ಪಾಸು ತಾನಾಗೇ ಬರತ್ತೆ. ಥೂ, ಇಷ್ಟಕ್ಕೆ ಎಷ್ಟು ಒದ್ದಾಡಿದ್ವಿ!"

ನೆಟ್ ಕೊಟ್ಟರು. ಹೊಸ ಪಾಸು ಬರಲಿಲ್ಲ. ಅದರ ಬದಲು ತೆರೆಯ ತುಂಬ ಕೆಂಪು ಅಕ್ಷರ ಬಂತು: ಪರವಾನಗಿ ಪರಿಶೀಲನೆ ವಿಫಲ. ಮತ್ತೆ ಒತ್ತಿದರೂ ವಿಫಲ. ಭಾವ ಕುರ್ಚಿಗೆ ಒರಗಿಬಿಟ್ಟರು. ಬೆರಳು ತಾಳ ಹಾಕುವುದನ್ನೂ ನಿಲ್ಲಿಸಿತು. ಮದುವೆಯಾದ ಮೇಲೆ ಅದು ನಿಂತಿದ್ದನ್ನು ನಾವು ಯಾರೂ ಕಂಡಿರಲಿಲ್ಲ.

ಅಂಗಡಿಯ ಕಡೆಯಿಂದ ಆಗ ತಾನೇ ಬಂದ ಅಕ್ಕ ಅದನ್ನು ನೋಡಿ ಸೆರಗು ಸಿಕ್ಕಿಸಿದಳು. "ರೀ, ತಲೆ ಮೇಲೆ ಕೈ ಹೊತ್ಕೊಂಡು ಕೂತ್ರೆ ಆಗಲ್ಲ. ಆ ಪ್ಲಗಿನ್ ಕಂಪನಿಯವರಿಗೆ ಫೋನ್ ಮಾಡ್ರಿ."

"ಫೋನ್ ಬೀರುವಲ್ಲಿದೆ."

"ಅಂಗಡಿ ಫೋನಿಲ್ವಾ? ಲೋ ತಮ್ಮಾ, ತಗೊಂಡು ಬಾರೋ."

ಅಂಗಡಿಯ ಫೋನು ತಂತಿಯ ಫೋನು. ಹಾಸಿಗೆ ಅಳೆಯುವಾಗ ಗಿರಾಕಿಗಳ ಜೊತೆ ಮಾತಾಡಲೆಂದು ಉದ್ದದ ತಂತಿ ಹಾಕಿಸಿದ್ದೆವು. ನಾನು ಅದನ್ನು ಎಳೆದುಕೊಂಡು ಬಂದೆ. ಬರುವಾಗ ತಂತಿ ಅಪ್ಪನ ಕುರ್ಚಿಗೆ ಸುತ್ತಿಕೊಂಡು, ನಾನು ಮೊಣಕಾಲೂರಿ ಬಿದ್ದೆ. ಗಾಯ ಎಂದೆನಲ್ಲ, ಅದು ಇದೇ.

ಹೆಲ್ಪ್‌ಲೈನಿನಲ್ಲಿ ಮೊದಲು ಕಾಯಿಸುವ ಸಂಗೀತ ಬಂತು. ಅದು ಎಷ್ಟು ಹೊತ್ತು ಬಂತೆಂದರೆ, ನನಗೆ ಬಾಯಿಪಾಠವಾಗಿ, ಮರೆತು, ಮತ್ತೆ ಬಾಯಿಪಾಠವಾಯಿತು. ಕೊನೆಗೆ ಒಬ್ಬಳು ಹೆಂಗಸು ಎತ್ತಿಕೊಂಡಳು. ದನಿಯಲ್ಲಿ ಸಕ್ಕರೆ ಇತ್ತು.

"ಹೇಳಿ ಸಾರ್, ಏನು ತೊಂದರೆ?"

ಭಾವ ಫೋನನ್ನು ಜೋರು ಮಾಡಿ ಮೇಜಿನ ಮೇಲಿಟ್ಟರು. ಅವಳು ಹೇಳಿದ ಹಾಗೆ ಪ್ಲಗಿನ್ ಪರೀಕ್ಷಿಸಲು ಮೈಕ್ ತೆರೆದು, ಧ್ವನಿಮುದ್ರಣದ ಗುಂಡಿ ಒತ್ತಿಟ್ಟರು. ನಡೆದಿದ್ದೆಲ್ಲ ಹೇಳಿದರು. ಆಚೆಯಿಂದ ಟಕಟಕ ಒತ್ತುವ ಸದ್ದು. ಆಮೇಲೆ ಸಣ್ಣಗೆ ಕೆಮ್ಮು.

"ಸಾರ್, ತಪ್ಪು ತಿಳ್ಕೋಬೇಡಿ. ನೀವು ನಾಳೆಯಿಂದ ಫೋನ್ ಮಾಡ್ತಿದ್ದೀರಿ."

"ನಾಳೆ ಮಾಡೋಕಾಗಲ್ಲಮ್ಮಾ! ಇವತ್ತೇ ಐದು ಗಂಟೆಗೆ ಕಳಿಸ್ಬೇಕು!"

"ನಾಳೆ ಮಾಡಿ ಅಂತಲ್ಲ ಸಾರ್. ನಿಮ್ಮ ಕಂಪ್ಯೂಟರ್ ನಾಳೆಯಲ್ಲಿದೆ. ನಮ್ಮಲ್ಲಿ ಇನ್ನೂ ಮಂಗಳವಾರ. ಅದು ಬುಧವಾರದ ಪಾಸು ಕೇಳ್ತಿದೆ. ಬುಧವಾರದ್ದು ಬುಧವಾರವೇ ಕೊಡೋದು ಸಾರ್."

"ಓ, ನೀವು ಬೇರೆ ದೇಶದಲ್ಲಿದ್ದೀರಾ?"

"ಇಲ್ಲ ಸಾರ್. ನಿಮ್ಮೂರಲ್ಲೇ, ಸೇತುವೆ ದಾಟಿದ್ರೆ ಎಡಗಡೆ ಕಟ್ಟಡ."

ಸೇತುವೆಯ ಆ ಕಡೆ ಮಂಗಳವಾರ, ಈ ಕಡೆ ಬುಧವಾರ! ನನಗಂತೂ ಒಂದು ಗಳಿಗೆ ಸೇತುವೆಯ ಮಧ್ಯದಲ್ಲಿ ನಿಂತವನಿಗೆ ಏನು ವಾರ ಎಂಬುದೇ ದೊಡ್ಡ ಚಿಂತೆಯಾಯಿತು.

ಅಕ್ಕ ಮಾತ್ರ ನಿಧಾನವಾಗಿ ತಿರುಗಿ ಬಾಗಿಲ ಕಡೆ ನೋಡಿದಳು.

"ಅಪ್ಪಾ."

ಅಪ್ಪ ಚಾವಣಿಯನ್ನು ನೋಡುತ್ತಿದ್ದರು.

"ಅಪ್ಪಾ, ಎದುರಿನ ಕ್ಷೌರದ ಅಂಗಡಿ ಮುಚ್ಚಿದೆ. ಅವನ ರಜಾ ಮಂಗಳವಾರ."

"ಅವನಿಗೆ ಮೈ ಹುಷಾರಿಲ್ಲ."

"ಈಗ ತಾನೇ ಮೆಟ್ಟಿಲ ಮೇಲೆ ಕೂತು ಶಿಳ್ಳೆ ಹಾಕ್ತಿದ್ದ."

"ಅದೇ ಕಾಯಿಲೆ ಅವನಿಗೆ."

"ಮೊಬೈಲೆಲ್ಲಾ ಯಾಕೆ ಬೀರುವಲ್ಲಿದೆ?"

"ಮೈಕಿಗೆ ಗುಂಯ್ ಅನ್ನತ್ತೆ."

"ಆ ಪೇಪರ್ ಕೊಡಿ ಇಲ್ಲಿ."

"ಯಾವ ಪೇಪರ್?"

"ನೀವು ಕೂತಿರೋ ಪೇಪರ್."

"ನಾನು ಕೂತಿದ್ದೀನಲ್ಲ."

"ಏಳಿ!"

"ಏಳಲ್ಲ."

"ಏಳಿ ಅಂದ್ರೆ ಏಳ್ಬೇಕು! ಬೆಳಗ್ಗಿಂದ ಕೂತಿದ್ದು ಸಾಕು! ಎದ್ದೇಳಿ!"

ನಮ್ಮ ಅಪ್ಪ ಗಟ್ಟಿ ಆಸಾಮಿ. ಕುರ್ಚಿಯ ಎರಡು ಕೈಗಳನ್ನೂ ಹಿಡಿದು ಕೂತುಬಿಟ್ಟರು. ಅಕ್ಕ ಒಂದು ಕಡೆಯಿಂದ, ನಾನು ಇನ್ನೊಂದು ಕಡೆಯಿಂದ ಕುರ್ಚಿಯನ್ನು ಎತ್ತಿ ಓಲಾಡಿಸಿದೆವು. ಅಪ್ಪ ಬೀಳಲಿಲ್ಲ, ಪೇಪರ್ ಬಿತ್ತು. ಮೇಲೆ ದಪ್ಪಕ್ಷರದಲ್ಲಿ ಮಂಗಳವಾರ ಎಂದಿತ್ತು.

"ಸಾರ್, ಅಲ್ಲಿ ಎಲ್ಲಾ ಸರಿ ಇದೆಯಾ?" ಎಂದಿತು ಫೋನು.

ಅಪ್ಪ ಹೆಗಲ ಮೇಲಿನ ಬಟ್ಟೆಯಿಂದ ಮುಖ ಒರೆಸಿಕೊಂಡರು. ಆಮೇಲೆ, ಯಾರಿಗೋ ಹಾಸಿಗೆಯ ಅಳತೆ ವಿವರಿಸುವವರ ಹಾಗೆ ಶಾಂತವಾಗಿ ಹೇಳಿದರು.

"ನಮ್ ಕಸುಬಲ್ಲಿ ಗಿರಾಕಿಗೆ ಶುಕ್ರವಾರ ಅಂದ್ರೆ ಹೊಲಿಯೋರಿಗೆ ಗುರುವಾರ ಅಂತಲೇ ಹೇಳೋದು. ಆಗ್ಲೇ ಹೊತ್ತಿಗೆ ಸರಿಯಾಗಿ ಮುಗಿಯೋದು. ಇದು ನಮ್ಮಪ್ಪನ ಕಾಲದಿಂದ ಬಂದಿದ್ದು. ಅಳಿಯಂದಿರಿಗೂ ಒಂದು ದಿನ ಮುಂಚೆ ಹೇಳೋಣ ಅಂದ್ರೆ, ನನ್ ಮಾತು ಯಾರು ನಂಬ್ತಾರೆ? ಅದಕ್ಕೇ ದಿನಾನೇ ತಳ್ಳಿದೆ."

ಅಪ್ಪನ ಮಾತು ನಿಜ, ನಾವು ಯಾರೂ ನಂಬುತ್ತಿರಲಿಲ್ಲ. ಅಪ್ಪ ಗುರುವಾರ ಎಂದರೆ ಅದು ಶುಕ್ರವಾರ ಎಂದು ಹೊಲಿಯುವವರಿಗೆಲ್ಲ ಗೊತ್ತು. ಅದು ಗೊತ್ತಾಗಿ ಅಪ್ಪ ಬುಧವಾರ ಎನ್ನಲು ಶುರುಮಾಡಿದರು. ಅದೂ ಗೊತ್ತಾಗಿ ಮಂಗಳವಾರ ಎಂದರು. ಒಂದು ಸಲ ಹೀಗೇ ಹಿಂದೆ ಹಿಂದೆ ಸರಿದು, ಗಿರಾಕಿ ಅಂಗಡಿಗೆ ಬರುವ ಮುಂಚೆಯೇ ಅವನ ಹಾಸಿಗೆ ಹೊಲಿದು ಮುಗಿದಿತ್ತು. ಅವನು ಒಳಗೆ ಬಂದು ಬಾಯಿ ತೆರೆಯುವಷ್ಟರಲ್ಲಿ ಹೆಗಲ ಮೇಲೆ ಹೊರಿಸಿ ಕಳಿಸಿದೆವು.

"ಕಂಪ್ಯೂಟರಿನ ದಿನ ಹೇಗೆ ತಳ್ಳಿದ್ರಿ ಮಾವ?" ಎಂದು ಭಾವ ಕೇಳಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಬೆರಗಿತ್ತು.

"ನೀವೇ ಹೇಳ್ಕೊಟ್ರಲ್ಲ, ಹೋದ ವರ್ಷ. ಮನೇಲಿ ನನ್ ಕೈಗೆ ಸಿಗದ ಗಡಿಯಾರ ಇರಬಾರ್ದು ಅಂತ ನಾನೇ ಕೇಳಿ ಕಲಿತಿದ್ದು. ನೀವು ಸ್ನಾನಕ್ಕೆ ಹೋದಾಗ ತಿರುಗಿಸ್ದೆ. ತಾನಾಗೇ ಸರಿಹೋಗೋ ಗುಂಡೀನೂ ಆರಿಸ್ದೆ." ಆಮೇಲೆ ತಲೆ ತಗ್ಗಿಸಿದರು. "ನಿಮ್ ಆಳುಗಳು ಇಷ್ಟು ಸೂಕ್ಷ್ಮ ಅಂತ ಗೊತ್ತಿರ್ಲಿಲ್ಲ. ಬೆಳಗ್ಗಿಂದ ಬೆಂಕಿ ಬಿದ್ದ ಹತ್ತಿ ಮೇಲೆ ಕೂತಂಗಾಗಿದೆ. ನೀವು ಗೆಲ್ಲಲಿ ಅಂತ ಮಾಡಿದ್ದು, ಅಳಿಯಂದಿರೇ."

ಭಾವ ಒಂದು ಸಲ ಸೀನಿದರು, ಹತ್ತಿ ಎಂಬ ಮಾತು ಬಂತಲ್ಲ. ಆಮೇಲೆ ಕಂಪ್ಯೂಟರ್ ಕಡೆ ತಿರುಗಿ, ತಾರೀಖನ್ನು ಹಿಂದಕ್ಕೆಳೆದು, ಸಾಫ್ಟ್‌ವೇರ್ ಮುಚ್ಚಿ ತೆರೆದರು.

ಆಗ ಆಗಿದ್ದನ್ನು ಹೇಳಿದರೆ ನೀವು ಮತ್ತೆ ದಬ್ಬಣ ಹುಡುಕುತ್ತೀರಿ. ಬೂದಿಯಾಗಿದ್ದ ಹೆಸರುಗಳೆಲ್ಲ ಒಂದೇ ಸಲಕ್ಕೆ ಬೆಳಗಿದವು. ಬೆಳಗ್ಗೆಯಿಂದ ಗಂಟಲಲ್ಲಿ ಕಟ್ಟಿಕೊಂಡಿದ್ದ ಪ್ರತಿಧ್ವನಿಯನ್ನೆಲ್ಲ ಗವಿಯಣ್ಣ ಒಟ್ಟಿಗೆ ಉಗುಳಿದ. ನಾನು ಹೊಡೆದಿದ್ದ ಹಾಸಿಗೆಗಳು ಗೋಡೆಯಿಂದ ಗೇಣುದ್ದ ಮುಂದೆ ಬಂದು, ಮೊಳೆಗಳ ಮೇಲೆ ತೂಗಾಡಿ, ವಾಪಸ್ ಹೋಗಿ ಅಂಟಿಕೊಂಡವು.

"ಬಂದ್ವಾ ಸಾರ್?" ಎಂದಳು ಫೋನಿನವಳು.

"ಬಂದ್ವಮ್ಮಾ! ನಿಮ್ ಹೊಟ್ಟೆ ತಣ್ಣಗಿರಲಿ!"

"ಒಳ್ಳೇದು ಸಾರ್. ಸೇವೆ ಹೇಗಿತ್ತು ಅಂತ ದಯವಿಟ್ಟು ಮಂಗಳವಾರದಲ್ಲೇ ತಿಳಿಸಿ."

ಭಾವ ರಾಗ ಹಾಕಿದರು. ಏನು ಸೊಗಸು! ಅಕ್ಕನ ದನಿ ಮೋಡದ ಮೇಲಿಂದ ಇಳಿದ ಹಾಗೆ, "ನಿಮ್ಮ ನಿಲ್ದಾಣ ಬಂತು, ದಯವಿಟ್ಟು ಏಳಿ" ಎಂದಿತು. ನಾನು ಕಣ್ಣು ಮುಚ್ಚಿ ಕೇಳಿದೆ. ಕಣ್ಣು ತೆರೆದಾಗ ಭಾವ ನನ್ನ ಭುಜ ಅಲ್ಲಾಡಿಸುತ್ತಿದ್ದರು. ಕುರ್ಚಿಯಲ್ಲಿ ಅಪ್ಪ ಗೊರಕೆ ಹೊಡೆಯುತ್ತಿದ್ದರು.

"ಅಯ್ಯೋ" ಎಂದರು ಭಾವ. "ಇದನ್ನ ಕೇಳಿದ್ರೆ ಎದ್ದಿರೋರೂ ಮಲಗ್ತಾರೆ."

ಇದು ಹೊಸ ಸಂಕಟ. ಹಾಸಿಗೆಗಳ ನಡುವೆ ಕೂತು ಮಾಡಿದ ಸಂಗೀತಕ್ಕೆ ಹಾಸಿಗೆಯ ಗುಣವೇ ಬಂದಿತ್ತು. ಇಷ್ಟು ದಿನ ಭಾವನಿಗೆ ಅದು ತಿಳಿದಿರಲಿಲ್ಲ, ಯಾಕೆಂದರೆ ಅದನ್ನು ಕೇಳುತ್ತ ನಿದ್ದೆ ಹೋದವರಾರೂ ಎದ್ದು ಬಂದು ದೂರಿರಲಿಲ್ಲ. ಇದನ್ನು ಬಸ್ಸಿನಲ್ಲಿ ಹಾಕಿದರೆ ಡ್ರೈವರ್ ಕೂಡ ಡಿಪೋದಲ್ಲೇ ಏಳುತ್ತಿದ್ದ. ಅಕ್ಕ ಮತ್ತೆ ಮೈಕಿನ ಮುಂದೆ ನಿಂತಳು. ಜೋರಾಗಿ ಹೇಳಿದಳು, ಮೆಲ್ಲಗೆ ಹೇಳಿದಳು, ನಗುತ್ತಾ ಹೇಳಿದಳು. ಮೈಕ್ ಕಂಡರೆ ಸಾಕು, ಅವಳ ದನಿ ಜೋಗುಳಕ್ಕೆ ಜಾರುತ್ತಿತ್ತು.

"ಬೇಡ ಬಿಡ್ರೀ" ಎಂದು ಸೋತು ಕೂತಳು. "ನನ್ ದನೀಲಿ ಯಾರೂ ಏಳಲ್ಲ."

ಬೇಸರದಲ್ಲಿ ಭಾವ ಮುಂಚಿನ ಮುದ್ರಣವನ್ನು ಅಳಿಸಲು ಹೋದರು. ಫೋನಿನವಳು ಹೇಳಿದಾಗ ಒತ್ತಿಟ್ಟಿದ್ದ ಗುಂಡಿ ಕುರ್ಚಿ ಜಗಳ ಮುಗಿಯುವ ತನಕ ಒತ್ತಿಯೇ ಇತ್ತು. ಅಳಿಸುವ ಬದಲು ಕೈ ತಪ್ಪಿ ಅದರ ಕೊನೆಯ ತುಂಡನ್ನು ಹಾಡಿಸಿಬಿಟ್ಟರು, ರಾಗದ ಬೆನ್ನಿಗೆ, ಪ್ಲಗಿನ್‌ಗಳೆಲ್ಲ ತೆರೆದಿದ್ದಾಗ.

"ಏಳಿ ಅಂದ್ರೆ ಏಳ್ಬೇಕು! ಬೆಳಗ್ಗಿಂದ ಕೂತಿದ್ದು ಸಾಕು! ಎದ್ದೇಳಿ!"

ಒತ್ತಣ್ಣ ಅದನ್ನು ಒತ್ತಿ ಗಟ್ಟಿ ಮಾಡಿದ್ದ. ಮೇಷ್ಟ್ರು ಶ್ರುತಿಗೆ ಕೂರಿಸಿದ್ದರು. ಗವಿಯಣ್ಣ ಅದನ್ನು ಎಂಟು ದಿಕ್ಕಿಗೂ ತೂರಿದ. ಗೊರಕೆ ಹೊಡೆಯುತ್ತಿದ್ದ ಅಪ್ಪ ಸೈನಿಕನ ಹಾಗೆ ಎದ್ದು ನಿಂತರು. ನಾನು ನಿಂತೆ. ಭಾವನೂ ನಿಂತರು. ಆ ಮಾತು ಆಡಿದ್ದ ಅಕ್ಕನೂ ಗಾಬರಿಯಲ್ಲಿ ಎದ್ದು ನಿಂತಳು. ಎದುರಿನ ಮೆಟ್ಟಿಲ ಮೇಲೆ ಕೂತಿದ್ದ ಕ್ಷೌರಿಕ ಎದ್ದು, ಯಾಕೆ ಎದ್ದೆ ಎಂದು ತಿಳಿಯದೆ, ರಜೆಯ ದಿನವೇ ಅಂಗಡಿ ತೆರೆದ.

ನಾವು ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

"ಕಳ್ಸಿ" ಎಂದರು ಅಪ್ಪ.

"ಮಾವ, ಇದು ಮನೆ ಜಗಳ. ದಯವಿಟ್ಟು ಅನ್ನೋ ಮಾತೇ ಇಲ್ಲ."

"ಮಂಗಳವಾರ ಇರೋವಾಗ್ಲೇ ಕಳ್ಸಿ ಅಂದೆ."

ಕಳಿಸಿದರು. ಗಂಟೆಯೊಳಗೆ ಬಸ್ ಕಂಪನಿಯ ಅಧಿಕಾರಿಯ ಫೋನು ಬಂತು. ಆಫೀಸಿನಲ್ಲಿ ಹಾಕಿ ಕೇಳಿದರಂತೆ. ಹೊಸ್ತಿಲು ದಾಟಿ ಯಾರು ಬಂದರೂ ಏಳದ ಹಳೇ ಗುಮಾಸ್ತರು ಕೂಡ ಎದ್ದು ನಿಂತು, ಚೀಲ ಹೆಗಲಿಗೇರಿಸಿ, ಮೆಟ್ಟಿಲಿಳಿದು ಮನೆಗೇ ಹೊರಟುಹೋದರಂತೆ. "ಇದೇ ಬೇಕು, ಒಂದಕ್ಷರ ಬದಲಿಸ್ಬೇಡಿ" ಎಂದರು. ಈಗ ನೀವೇ ನೋಡುತ್ತೀರಲ್ಲ, ನಮ್ಮೂರ ಬಸ್ಸುಗಳಲ್ಲಿ ಯಾರೂ ನಿಲ್ದಾಣ ದಾಟುವುದಿಲ್ಲ. ಮುಂದಿನ ನಿಲ್ದಾಣದಲ್ಲಿ ಇಳಿಯಬೇಕಾದವರೂ ಹೆದರಿ ಇಲ್ಲೇ ಇಳಿದುಬಿಡುತ್ತಾರೆ.

ಅಪ್ಪ ಅಂದೇ ಕೋಣೆಯ ಬೀಗದಕೈಯನ್ನು ಭಾವನ ಅಂಗೈಯಲ್ಲಿಟ್ಟರು. "ಒಂದು ದಿನ ಮುಂಚೇನೇ ಮುಗಿಸಿದ್ರಿ. ನಮ್ ಮನೆತನಕ್ಕೆ ತಕ್ಕ ಅಳಿಯ" ಎಂದರು. ಭಾವ ಸಂತೋಷ ತಡೆಯಲಾರದೆ ಎರಡು ಕೈಯಲ್ಲೂ ತಾಳ ಹಾಕಿದರು, ಎಲ್ಲಿ ಎಂದು ನಾನು ಹೇಳುವುದಿಲ್ಲ. ಅಪ್ಪ ಅವತ್ತು ಬೈಯಲಿಲ್ಲ.

ಎಲ್ಲ ಸುಖವಾಯಿತು ಅಂದುಕೊಂಡಿರಾ? ಮಾರನೇ ದಿನ, ಅಸಲಿ ಬುಧವಾರ, ಆರು ಗಂಟೆಗೆ ಹತ್ತಿ ಲಾರಿ ಬಂತು. ಬೇಡ ಎಂದು ಹೇಳಲು ಯಾರಿಗೂ ನೆನಪಿರಲಿಲ್ಲ. ಹತ್ತಿ ಬೇಡ ಎಂದು ಯಾವ ಹಾಸಿಗೆಯವನಾದರೂ ಹೇಳುತ್ತಾನಾ? ಕೋಣೆ ಭಾವನದಾಯಿತು, ಸರಿ. ಹತ್ತಿಗೆ ಜಾಗ? ಅಪ್ಪ ಸುತ್ತ ನೋಡಿದರು. ಅಕ್ಕನೂ ನೋಡಿದಳು. ಆಮೇಲೆ ಇಬ್ಬರೂ ನನ್ನನ್ನು ನೋಡಿದರು.

ಅವತ್ತಿನಿಂದ ನಾನು ಮಲಗುವ ಕೋಣೆಯಲ್ಲಿ ನೆಲದಿಂದ ಮೇಲಕ್ಕೆ ಮೂಟೆಗಳು. ಮೂಟೆಗಳ ಮೇಲೆ ನಾನು. ಏಣಿ ಹಾಕಿ ಮಲಗಲು ಹತ್ತುತ್ತೇನೆ. ಮಗ್ಗುಲು ಬದಲಿಸಿದರೆ ಮೂಗು ಚಾವಣಿಗೆ ಉಜ್ಜುತ್ತದೆ. ಹೋದ ವಾರ ಉಜ್ಜಿ ಉಜ್ಜಿ ಅಲ್ಲಿ ಸುಣ್ಣವೇ ಎದ್ದುಬಂತು. ಮದುವೆಯ ವಯಸ್ಸಿಗೆ ಬಂದ ಹುಡುಗ ಹಕ್ಕಿಯ ಹಾಗೆ ಗೂಡಲ್ಲಿ ಮಲಗುತ್ತಾನೆ ಎಂದು ಕೇಳಿದರೆ ಯಾರು ಹೆಣ್ಣು ಕೊಡುತ್ತಾರೆ, ನೀವೇ ಹೇಳಿ.

ಅಂದ ಹಾಗೆ, ಮೊನ್ನೆ ನಿಮ್ಮ ಮನೆಗೆ ದೊಡ್ಡ ಹಾಸಿಗೆ ತಂದು ಹಾಕಿದೆನಲ್ಲ, ಆ ಹಿಂದಿನ ಕೋಣೆ ಕಣ್ಣಿಗೆ ಬಿತ್ತು. ಖಾಲಿ ಇದೆ. ಗಾಳಿ ಚೆನ್ನಾಗಿ ಆಡುತ್ತದೆ. ಹತ್ತಿ ಸದ್ದು ಮಾಡುವುದಿಲ್ಲ, ಊಟ ಕೇಳುವುದಿಲ್ಲ, ಬಂದ ನೆಂಟರ ಜೊತೆ ಜಗಳವಾಡುವುದಿಲ್ಲ. ಕೈಗಾಡಿ ಬಾಗಿಲಲ್ಲೇ ನಿಂತಿದೆ, ಮೂಟೆಗಳನ್ನು ಆಗಲೇ ಹೇರಿಯಾಗಿದೆ. ಇಷ್ಟು ಹೊತ್ತು ಕತೆ ಕೇಳಿ ಹೊಟ್ಟೆ ತುಂಬ ನಕ್ಕಿರಿ, ಇನ್ನು ಇಲ್ಲ ಎನ್ನುವ ಬಾಯಿ ನಿಮ್ಮದಲ್ಲ. ಬನ್ನಿ, ಆ ಕಡೆ ಸ್ವಲ್ಪ ಕೈ ಕೊಡಿ.